ಅಕ್ಷರಕ್ಕೆ ಮೂರು ಸೆಂಟು

ಕಲ್ಲುಕುಟಿಗ ಅಕ್ಷರಕ್ಕೆ ಮೂರು ಸೆಂಟು ಎಂದ.
ಹಿರಿಯರು ಬೆರಳು ಮಡಿಸಿ ಲೆಕ್ಕ ಹಾಕಿ ನನ್ನತ್ತ ನೋಡಿದರು.
ಮೂವತ್ತೊಂದು ವರ್ಷ ಅವನ ಗುಮಾಸ್ತ ನಾನು,
ಅವನ ಹಸಿ ಶಾಯಿಯ ಮೇಲೆ ಮರಳು ಉದುರಿಸಿದವನು.
ಜೋಥಮ್ ವಿಕ್ಸ್. ವಕೀಲ. ಶಾಸಕ. ನ್ಯಾಯಾಧೀಶ.
ಇಷ್ಟು ಸಾಕು ಎಂದೆ. ಸಾಲದೆಂದು ಗೊತ್ತಿತ್ತು.

ಮೊದಲ ಕಚೇರಿ ಚರ್ಮ ಹದಮಾಡುವವನ ಅಟ್ಟದ ಮೇಲೆ.
ಬೇಸಿಗೆಯಲ್ಲಿ ಕಕ್ಷಿದಾರರು ಮೂಗು ಮುಚ್ಚಿಕೊಂಡೇ ದೂರು ಹೇಳುತ್ತಿದ್ದರು.
ಶುಲ್ಕ: ಅರ್ಧ ಮೂಟೆ ರೈ, ಮೇಪಲ್ ಸಕ್ಕರೆಯ ಒಂದು ಹೆಂಟೆ,
ಒಮ್ಮೆ ಒಂದು ಒಕ್ಕಣ್ಣಿನ ಕುರಿ.
ಅದು ಕಾನೂನು ಪುಸ್ತಕದ ರಟ್ಟು ತಿಂದಾಗ
“ನನಗಿಂತ ಬೇಗ ಅರಗಿಸಿಕೊಂಡಿತು” ಎಂದು ನಕ್ಕಿದ್ದ.

ಕ್ರಯಪತ್ರದಲ್ಲಿ ‘ದೊಡ್ಡ ಓಕ್ ಮರದವರೆಗೆ’ ಎಂದಿತ್ತು.
ಮರ ಬಿರುಗಾಳಿಗೆ ಬಿದ್ದು, ಒಲೆಗೆ ಹೋಗಿ, ಬೂದಿಯಾಗಿತ್ತು.
ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಾಗ
ಇವನು ಕೋಟು ಬಿಚ್ಚಿ, ಮಂಡಿಯೂರಿ
ಉಗುರಲ್ಲಿ ರಕ್ತ ಬರುವತನಕ ನೆಲ ಕೆದಕಿದ.
ಬೇರು ಸಿಕ್ಕಿತು. ಜ್ಯೂರಿಯವರು ಒಬ್ಬೊಬ್ಬರೇ ಬಗ್ಗಿ ಮುಟ್ಟಿ ನೋಡಿದರು.
ಮರ ಹೋದರೂ ಮಾತು ನೆಲದಲ್ಲಿರುತ್ತದೆ ಎಂದ.
ಆ ಒಂದು ಮಾತಿಗೆ ಜನ ಅವನನ್ನು ಆರಿಸಿ ಕಳಿಸಿದರು.

ವರ್ಮಾಂಟಿನ ಶಾಸನಸಭೆಗೆ ಆಗ ಸ್ವಂತ ಸೂರಿರಲಿಲ್ಲ.
ಈ ವರ್ಷ ಈ ಊರು, ಮರುವರ್ಷ ಇನ್ನೊಂದು,
ಗಂಟುಮೂಟೆ ಕಟ್ಟಿ ಅಲೆಯುತ್ತಿತ್ತು.
ನೆಲೆಯಿಲ್ಲದ ಆ ಸಭೆಯೇ ನೆಲೆಯ ಕಾನೂನು ಮಾಡಿತು:
ಹೊರಗಿನಿಂದ ಬಂದವರು
ನೋಟೀಸು ಮುಟ್ಟದೆ ಇಷ್ಟು ಕಾಲ ಉಳಿದರೆ ಊರಿನವರೇ;
ಹಸಿದರೆ ಊರೇ ಉಣಿಸಬೇಕು.
ಇಷ್ಟು ಎಂದರೆ ಎಷ್ಟು?
ಹೆಂಡದಂಗಡಿಯ ಮೇಲಿನ ಕೋಣೆಯಲ್ಲಿ
ಅವನು ಬರೆದದ್ದು ಆರು ತಿಂಗಳು.
ಎರಡು ವರ್ಷ ಎಂದು ಉಳಿದವರು ಮೇಜು ಗುದ್ದಿದರು.
ಸೈಡರಿನ ಮೂರನೆಯ ಹೂಜಿಗೆ ಒಂದು ವರ್ಷಕ್ಕೆ ಇಳಿದರು.
ಆರನ್ನು ಹೊಡೆದುಹಾಕಿದ. ನಾನು ಮರಳು ಉದುರಿಸಿದೆ.

ಥ್ಯಾಂಕ್‌ಫುಲ್ ಬರ್ಜ್.
ಕೃತಜ್ಞೆ ಎಂದು ಹೆಸರಿಟ್ಟಿದ್ದರು ಹೆತ್ತವರು, ಯಾವುದಕ್ಕೋ.
ಮರದ ದಿಮ್ಮಿಗಳ ತೆಪ್ಪದೊಂದಿಗೆ ಗಂಡ ಮುಳುಗಿದ ಮೇಲೆ
ಹೆಪ್ಪುಗಟ್ಟಿದ ಕನೆಕ್ಟಿಕಟ್ ನದಿಯ ಮೇಲೆ
ತೊಟ್ಟಿಲು ಎಳೆದುಕೊಂಡು ನಡೆದು ಬಂದವಳು
ಫೆಬ್ರವರಿ ಇಪ್ಪತ್ತೊಂಬತ್ತರಂದು.
ನೋಟೀಸು ಮುಟ್ಟಿದ್ದು ಮರುವರ್ಷ ಇಪ್ಪತ್ತೆಂಟರ ಮುಸ್ಸಂಜೆ.
ಇಪ್ಪತ್ತೊಂಬತ್ತು ಆ ವರ್ಷ ಇರಲೇ ಇಲ್ಲ.
ವರ್ಷ ತುಂಬಿತೋ, ಇಲ್ಲವೋ?

“ಈ ಊರಲ್ಲಿ ಹನ್ನೊಂದು ಕೂಸು ಈ ಕೈಗೇ ಬಿದ್ದಿವೆ,
ಅವೆಲ್ಲ ಇಲ್ಲಿಯವು. ಕೈ ಮಾತ್ರ ಅಲ್ಲವೇ, ಸ್ವಾಮಿ?”
ಅವನು ಪೀಠದಿಂದ ಕಿಟಕಿಯಾಚೆ ನದಿಯನ್ನೇ ನೋಡಿದ,
ಅಗೆಯಲು ಏನೂ ಇಲ್ಲದ ನೆಲವನ್ನು ನೋಡುವವನಂತೆ.
“ತುಂಬಿಲ್ಲ” ಎಂದ.
ದನಿ ನಡುಗಲಿಲ್ಲ. ನನಗೆ ಅದೇ ಸಿಟ್ಟು, ಇಂದಿಗೂ.

ಹೊರಬಂದು ತನ್ನ ಕುದುರೆಯನ್ನು
ಅವಳ ಹಿಮಬಂಡಿಗೆ ತಾನೇ ಕಟ್ಟಿದ.
ಮುಂದಿನ ಕೋರ್ಟಿಗೆ ಎಂಟು ಮೈಲಿ, ಮೊಣಕಾಲುದ್ದ ಹಿಮ.
ಅವನು ಮುಂದೆ, ಕಾಗದದ ಚೀಲ ಹೊತ್ತು ನಾನು ಹಿಂದೆ.
ಗಿರಣಿಯ ಸೇತುವೆ ದಾಟುವಾಗ ಮಾತ್ರ
“ಆರು ಎಂದೇ ಬರೆದಿದ್ದೆ, ಅಲ್ಲವೇ?”
“ಬರೆದಿದ್ದಿರಿ. ಹೊಡೆದದ್ದೂ ನೀವೇ.”
ಕುದುರೆ ಮರಳಿ ಬರಲಿಲ್ಲ. ಅವನು ಕೇಳಲೂ ಇಲ್ಲ.

ಕಲ್ಲುಕುಟಿಗನಿಗೆ ಓದು ಬಾರದು;
ಒಂದೊಂದು ಅಕ್ಷರಕ್ಕೂ ನಾನು ಪಕ್ಕದಲ್ಲಿರಬೇಕು.
ಕಲ್ಲಿನ ಪುಡಿ ತೋಳಿನ ಮೇಲೆ ಬೀಳುತ್ತದೆ, ಒರೆಸಿಕೊಳ್ಳುತ್ತೇನೆ.
ದುಡ್ಡು ಸ್ವಲ್ಪ ಮಿಕ್ಕಿದೆ, ಮೇಲೊಂದು ತಕ್ಕಡಿ ಕೆತ್ತಲೇ ಎಂದ.
ಕುದುರೆ ಬರುತ್ತದೆಯೇ ಎಂದೆ.
ತಲೆ ಬರುತ್ತದೆ, ಕಾಲು ಸರಿಯಾಗಿ ಬರುವುದಿಲ್ಲ ಎಂದ.
ಬೇಕಾದದ್ದು ಕಾಲೇ.
ಹಾಗಾದರೆ ಬಿಡು ಎಂದೆ.